ಬಾಗಿಲ ಬಳಿಯ ಮರದ ಬಟ್ಟಲು

ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಮರದ ಬಟ್ಟಲಿತ್ತು. ಪಾಳಿಗೆ ಹೊರಡುವ ಮೊದಲು ಮೇಸ್ತ್ರಿ ಮೈಮೇಲಿನ ಲೋಹದ ಸಾಮಾನನ್ನೆಲ್ಲ ಅದರೊಳಗೆ ಹಾಕುತ್ತಿದ್ದ: ಬೀಗದ ಕೈ, ಚಿಲ್ಲರೆ, ಬೆಲ್ಟು, ಈಚಿನ ವರ್ಷಗಳಲ್ಲಿ ಫೋನು. ಮದುವೆಯಲ್ಲಿ ಬಂದ ಕೈಗಡಿಯಾರ ಸದಾ ಅದರಲ್ಲೇ ಇರುತ್ತಿತ್ತು. ಹೆಂಡತಿ ಊಟದ ಡಬ್ಬಿಯನ್ನು ಕೈಗಿಡುತ್ತ, "ಎಲ್ಲಾ ತೆಗೆದಾಯ್ತಾ?" ಎಂದು ಕೇಳುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಹತ್ತು ತಿಂಗಳಿನಿಂದ ಈ ಎರಡು ಮಾತು ಒಂದು ದಿನವೂ ತಪ್ಪಿರಲಿಲ್ಲ. ಜಗಳವಾಡಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡ ದಿನಗಳಲ್ಲೂ ಇವೆರಡಕ್ಕೆ ಮಾತ್ರ ರಿಯಾಯಿತಿ ಇತ್ತು. ಅವಳಿಗಿಂತ ಮುಂಚೆ ಅವಳ ಅತ್ತೆ ತಮ್ಮ ಗಂಡನನ್ನು ಹೀಗೆಯೇ ಕೇಳಿ ಕಳುಹಿಸುತ್ತಿದ್ದರು. ಆಗಿನ ಕಾಲದಲ್ಲಿ ಒಬ್ಬ ಯಾರ ಕೈಲೂ ಕೇಳಿಸಿಕೊಳ್ಳದೆ ಹೋಗಿದ್ದನಂತೆ. ಜೇಬಿನಲ್ಲಿದ್ದ ಪಾನಾ ತಾನೇ ಎದ್ದು ಹಾರಿ, ಪಕ್ಕದವನ ಮುಂದಿನ ನಾಲ್ಕು ಹಲ್ಲು ಉದುರಿಸಿತಂತೆ.

ಮೇಸ್ತ್ರಿ ಇದ್ದದ್ದು ಅಲ್ಯೂಮಿನಿಯಂ ಕಾರ್ಖಾನೆಯ ಪಾಟ್ ರೂಮಿನಲ್ಲಿ. ಬೆಟ್ಟ ಅಗೆದು ತಂದ ಕೆಂಪು ಮಣ್ಣನ್ನು ಕಾರ್ಖಾನೆಯ ಆ ತುದಿಯಲ್ಲಿ ಕ್ಷಾರ ಹಾಕಿ ಕುದಿಸಿ, ಸೋಸಿ, ಹಿಟ್ಟಿನಂಥ ಬಿಳಿ ಪುಡಿ ಮಾಡುತ್ತಾರೆ. ಈ ತುದಿಯಲ್ಲಿ ಆ ಪುಡಿ ಕೆಂಡದಂತೆ ಕುದಿಯುವ ತೊಟ್ಟಿಗಳಿಗೆ ಬೀಳುತ್ತದೆ. ಹಗಲಿರುಳು ಹರಿಯುವ ವಿದ್ಯುತ್ತು ಅದನ್ನು ಸೀಳುತ್ತದೆ. ಲೋಹ ತಳಕ್ಕಿಳಿದು ನಿಲ್ಲುತ್ತದೆ. ಆ ತೊಟ್ಟಿಗಳಿಗೇ ಪಾಟ್ ಎಂದು ಹೆಸರು. ನೂರಿಪ್ಪತ್ತು ಪಾಟ್‌ಗಳು, ಎರಡು ಸಾಲು. ಅವುಗಳಲ್ಲಿ ಹರಿಯುವ ವಿದ್ಯುತ್ತಿನ ದೆಸೆಯಿಂದ ಇಡೀ ಕೊಠಡಿಯೇ ಒಂದು ದೈತ್ಯ ಅಯಸ್ಕಾಂತ. ಅಲ್ಲಿ ಗಡಿಯಾರ ನಡೆಯುವುದಿಲ್ಲ. ಆದ್ದರಿಂದ ಮೇಸ್ತ್ರಿಯ ಗಡಿಯಾರ ಜೀವಮಾನವೆಲ್ಲ ಬಟ್ಟಲಿನಲ್ಲೇ ಕಳೆದಿತ್ತು. ಅದಕ್ಕೆ ದಿನವೂ ಕೀಲಿ ಕೊಡುತ್ತಿದ್ದವಳು ಹೆಂಡತಿ.

ಅವನನ್ನು ಎಲ್ಲರೂ ಗಳುವಿನ ಮೇಸ್ತ್ರಿ ಎನ್ನುತ್ತಿದ್ದರು. ಪುಡಿ ಕಡಿಮೆಯಾಗಿ ಪಾಟ್ ಹಸಿದಾಗ ಅದರ ನೆತ್ತಿಯ ದೀಪ ಉರಿಯುತ್ತದೆ, ಗುಂಯ್‌ಗುಡುವ ಸದ್ದು ಬೇರೆಯಾಗುತ್ತದೆ. ಆಗ ಮೇಲಿನ ಹೆಪ್ಪು ಒಡೆದು, ಪುಡಿ ಸುರಿದು, ಆಗಷ್ಟೇ ಕಡಿದ ಹಸಿ ಮರದ ಗಳುವನ್ನು ತಳದವರೆಗೆ ಇರಿಯಬೇಕು. ಹಸಿ ಮರದ ರಸ ಕುದಿದು ಗುಳುಗುಳು ಎದ್ದರೆ ಪಾಟ್ ಸಮಾಧಾನಕ್ಕೆ ಬರುತ್ತದೆ. ಹೊಸ ಸಾಲಿನಲ್ಲಿ ಅದಕ್ಕೆಲ್ಲ ಯಂತ್ರ ಬಂದಿತ್ತು. ಹಳೆಯ ಸಾಲಿನಲ್ಲಿ ಇನ್ನೂ ಅವನ ತೋಳೇ ಬೇಕಿತ್ತು.

ಆ ತೋಳು ಎರಡು ಸಲ ಗಳುವನ್ನು ಕೈಬಿಟ್ಟಿತು. ಮೊದಲ ಸಲ, ಸೆಕೆ ಎಂದರು. ಎರಡನೆಯ ಸಲ ಜೊತೆಗಾರ ಹಿಂದಿನಿಂದ ಅಪ್ಪಿ ಹಿಡಿಯದಿದ್ದರೆ ಅವನು ಪಾಟ್‌ನ ಮೇಲೆಯೇ ಬೀಳುತ್ತಿದ್ದ. ಕಾರ್ಖಾನೆಗೆ ತಿಳಿಯದಂತೆ ಪಕ್ಕದ ಪಟ್ಟಣದ ವೈದ್ಯರಲ್ಲಿಗೆ ಗಂಡ ಹೆಂಡತಿ ಹೋಗಿಬಂದರು.

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಸೊಪ್ಪು, ಬೆಳಗಿನ ಬ್ರೆಡ್ಡು ಇತ್ತು. ಗಂಡ, ಹೆಂಡತಿ, ಅತ್ತೆ, ಮಗಳು ನಾಲ್ವರೂ ಕುಳಿತಿದ್ದರು. ಮಗಳು ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆದಿದ್ದಳು. ಅದೇ ಕಾರ್ಖಾನೆಯ ಹಿಂಬದಿಯ ಗುಜರಿ ವಿಭಾಗದಲ್ಲಿ, ಊರೆಲ್ಲ ಎಸೆದ ಡಬ್ಬಿ, ಕಿಟಕಿ ಚೌಕಟ್ಟು, ಪಾತ್ರೆಗಳನ್ನು ಬೇರ್ಪಡಿಸಿ ಮತ್ತೆ ಕರಗಿಸುವ ಕಡೆ, ಅವಳು ಒಂದು ಪಾಳಿಯ ಮುಖ್ಯಸ್ಥೆ.

"ಏನಂದ್ರು ಡಾಕ್ಟ್ರು?" ಎಂದು ಅತ್ತೆ ಕೇಳಿದರು.

"ಹೃದಯ ಆಗಾಗ ಬಡಿಯೋದನ್ನ ಮರೀತಿದೆಯಂತೆ," ಎಂದ ಮೇಸ್ತ್ರಿ, ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ. "ಜ್ಞಾಪಿಸೋಕೆ ಒಂದು ಯಂತ್ರ ಇಡಬೇಕಂತೆ. ಪೇಸ್‌ಮೇಕರ್. ಇಲ್ಲಿ, ಚರ್ಮದ ಒಳಗೆ."

"ಇಡಿಸ್ಕೊ ಮತ್ತೆ. ನಿಮ್ಮಪ್ಪನಿಗೂ ಮರೆವು. ಅವರಿಗೆ ನಾನೇ ಯಂತ್ರ ಆಗಿದ್ದೆ."

ಯಾರೂ ನಗಲಿಲ್ಲ. ಮಗಳು ಚಮಚ ಕೆಳಗಿಟ್ಟಳು. ಪಾಟ್ ರೂಮಿನ ಬಾಗಿಲಲ್ಲಿ ಒಂದು ಕೆಂಪು ಫಲಕವಿರುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು: ಎದೆಯಲ್ಲಿ ಯಂತ್ರ ಇಟ್ಟುಕೊಂಡವರು ಒಳಗೆ ಕಾಲಿಡಕೂಡದು. ಮನೆ ಕಾರ್ಖಾನೆಯದು ಎಂಬುದೂ ಗೊತ್ತಿತ್ತು. ಪಾಟ್ ರೂಮಿನಲ್ಲಿ ಮೂವತ್ತು ವರ್ಷ ತುಂಬಿಸಿದವನಿಗೆ, ಅವನೂ ಅವನ ಹೆಂಡತಿಯೂ ಇರುವವರೆಗೆ ಮನೆ ಬಿಟ್ಟುಕೊಡುತ್ತಾರೆ. ತುಂಬುವ ಮೊದಲೇ ಹೊರಬಿದ್ದವನಿಗೆ ಗುಜರಿ ವಿಭಾಗದಲ್ಲಿ ಹಗುರ ಕೆಲಸ ಕೊಡುತ್ತಾರೆ, ಮನೆ ಕೊಡುವುದಿಲ್ಲ. ಮೇಸ್ತ್ರಿಯ ಅಪ್ಪನಿಗೆ ಅಷ್ಟು ವರ್ಷ ತುಂಬಿರಲಿಲ್ಲ. ಮೇಸ್ತ್ರಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿದ್ದವು.

"ಯಂತ್ರ ಇಡಿಸ್ಕೋತೀನಿ," ಎಂದ ಮೇಸ್ತ್ರಿ. "ಹರ್ನಿಯಾ ಆಪರೇಷನ್ ಅಂತ ಆರು ವಾರ ರಜಾ ಬರೆದುಕೊಡ್ತೀನಿ. ಆಮೇಲೆ ವಾಪಸ್ಸು ಹೋಗ್ತೀನಿ. ನಮ್ಮ ಕಾರ್ಖಾನೆ ಡಾಕ್ಟ್ರು ಅಂಗಿ ಬಿಚ್ಚಿಸಿ ನೋಡಿದ್ದು ಯಾವಾಗ?"

"ಅಪ್ಪ, ಹುಚ್ಚು ಹಿಡಿದಿದೆಯಾ ನಿನಗೆ?"

"ಹದಿನಾಲ್ಕು ತಿಂಗಳು ಕಣೇ. ಹದಿನಾಲ್ಕು ವರ್ಷ ಅಲ್ಲ."

"ಗುಜರಿಗೆ ಬಾ. ನಾನಿಲ್ವಾ ಅಲ್ಲಿ?"

"ನಾನು ಮಣ್ಣಿಂದ ಲೋಹ ತೆಗೆಯೋನು. ಇನ್ನೊಬ್ಬರು ಕುಡಿದು ಬಿಸಾಕಿದ ಡಬ್ಬಿ ಆರಿಸೋಕೆ ಹೋಗಲಾ?"

"ನೀನು ಒಂದು ಸಲ ತೆಗೀತೀಯ. ನಾವು ಅದನ್ನೇ ಹತ್ತು ಸಲ ತೆಗೀತೀವಿ. ನಿನ್ನ ಪಾಟ್ ತಿನ್ನೋ ಕರೆಂಟಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಸಾಕು ನಮ್ಮ ಕುಲುಮೆಗೆ. ಯಾರದಪ್ಪಾ ದೊಡ್ಡ ಕೆಲಸ?"

"ನಿಮ್ಮಿಬ್ಬರ ಲೋಹ ಸಾಕು, ಊಟ ಮಾಡಿ," ಎಂದಳು ತಾಯಿ. ಅವಳು ಆ ಹೊತ್ತಿಗೆ ಹೇಳಲು ಸಾಧ್ಯವಾದದ್ದು ಅಷ್ಟೇ. ಮಗಳು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಈ ಮನೆಯ ಅಡುಗೆಮನೆ ಕಿಟಕಿಗೆ ಬೀಳುವ ಬಿಸಿಲು ಎಷ್ಟು ಹೊತ್ತಿಗೆ ಯಾವ ಡಬ್ಬದವರೆಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಅತ್ತೆಗೆ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ. ಈ ಮನೆಯ ಗೋಡೆಗಳನ್ನು ಹಿಡಿದುಕೊಂಡೇ ಅವರು ಬಚ್ಚಲಿಗೂ ಹಿತ್ತಿಲಿಗೂ ತಾವಾಗಿಯೇ ಹೋಗಿಬರುತ್ತಿದ್ದರು. ಬೇರೆ ಮನೆಯ ಗೋಡೆಗಳನ್ನು ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರು ಕಲಿಯುತ್ತಾರೆ?

ಮಗಳ ಮದುವೆಗೆಂದು ಕೂಡಿಟ್ಟದ್ದು ಯಂತ್ರಕ್ಕೆ ಹೋಯಿತು. ಅದನ್ನು ಬ್ಯಾಂಕಿನಿಂದ ಬಿಡಿಸಿ ತಂದವಳು ಮಗಳೇ. ತಂದು ಮೇಜಿನ ಮೇಲಿಟ್ಟು, "ಇದು ನಿನ್ನ ಜೀವಕ್ಕೆ ಕೊಡ್ತಿರೋದು. ಪಾಟ್ ರೂಮಿಗಲ್ಲ," ಎಂದಳು.

"ಹೋಗಿ ಸುರಕ್ಷತಾ ಅಧಿಕಾರಿಗೆ ಹೇಳು ಹಾಗಾದ್ರೆ," ಎಂದ ಮೇಸ್ತ್ರಿ. "ಮನೆ ಖಾಲಿ ಮಾಡೋ ದಿನ ಅಜ್ಜಿ ಮಂಚ ನೀನೇ ಹೊರು."

ಮಗಳು ಹೇಳಲಿಲ್ಲ. ಅಂದಿನಿಂದ ಅಪ್ಪನ ಜೊತೆ ಮಾತನ್ನೂ ಆಡಲಿಲ್ಲ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಉಬ್ಬು. ಆಸ್ಪತ್ರೆಯವರು ಎದೆಯಲ್ಲಿ ಯಂತ್ರವಿದೆ ಎಂದು ಬರೆದ ಒಂದು ಕಾರ್ಡು ಕೊಟ್ಟು, ಇದನ್ನು ಸದಾ ಜೇಬಿನಲ್ಲಿಡಿ ಎಂದಿದ್ದರು. ಮನೆಗೆ ಬಂದ ಮೇಸ್ತ್ರಿ ಅದನ್ನು ಮರದ ಬಟ್ಟಲಿಗೆ ಹಾಕಿದ.

ಆರು ವಾರ ಎಡಗೈಯನ್ನು ಭುಜದ ಮೇಲೆ ಎತ್ತಕೂಡದಾಗಿತ್ತು. ಗಳು ಹಿಡಿದ ಕೈ ಬಟಾಣಿ ಸುಲಿಯಿತು, ಬೇಳೆಯಲ್ಲಿ ಕಲ್ಲು ಆರಿಸಿತು. ಹೆಂಡತಿ ಅವನಿಗೆ ಅಂಗಿ ತೊಡಿಸುತ್ತಿದ್ದಳು, ಬೆನ್ನು ತೊಳೆಯುತ್ತಿದ್ದಳು. ಬೆಳಗ್ಗೆ ಮಗಳ ಡಬ್ಬಿ, ಅತ್ತೆಯ ಗಂಜಿ, ಗಂಡನ ಮಾತ್ರೆ. ಆಮೇಲೆ ಬಟ್ಟೆ, ನೀರು, ಮತ್ತೆ ಒಲೆ. ಸಂಜೆಯ ಹೊತ್ತಿಗೆ ಸೊಂಟ ತನ್ನದೇ ಅಲ್ಲವೇನೋ ಎನ್ನುವಷ್ಟು ದಣಿದಿರುತ್ತಿದ್ದಳು. ಮನೆಯಲ್ಲಿ ಹಗಲೆಲ್ಲ ಕುಳಿತ ಗಂಡಸು ಹೊಸ ಸಾಮಾನಿನಂತೆ ಅವಳ ಕಾಲಿಗೆ ಎಡತಾಕುತ್ತಿದ್ದ.

"ಉಪ್ಪಿನ ಡಬ್ಬ ಯಾಕೆ ಆ ಮೂಲೇಲಿಟ್ಟಿದ್ದೀಯ? ಒಲೆ ಪಕ್ಕ ಇಟ್ರೆ ನಾಲ್ಕು ಹೆಜ್ಜೆ ಉಳಿಯುತ್ತೆ."

"ಇಪ್ಪತ್ತೆಂಟು ವರ್ಷದ ಉಪ್ಪು ತಿಂದ್ರಲ್ಲ, ಆಗ ಹೆಜ್ಜೆ ಎಣಿಸಿದ್ರಾ?"

ಒಳಗಿನಿಂದ ಅತ್ತೆ, "ಅವನ ಕೈಗೆ ಇನ್ನಷ್ಟು ಬೇಳೆ ಕೊಡಮ್ಮಾ. ಬಾಯಿ ಮುಚ್ಚಿರುತ್ತೆ," ಎಂದರು.

ಮಗಳು ಅಪ್ಪನಿಗೆ ಹೇಳಬೇಕಾದ್ದನ್ನು ಅಜ್ಜಿಗೆ ಹೇಳುತ್ತಿದ್ದಳು. "ಅಜ್ಜೀ, ಮಾತ್ರೆ ತಗೊಳ್ಳದೇ ಇರೋರು ಈ ಮನೇಲಿ ಯಾರಾದ್ರೂ ಇದ್ರೆ ತಗೊಳ್ಳೋಕೆ ಹೇಳು." ಅಜ್ಜಿ ಅದನ್ನು ಅಕ್ಷರ ಬಿಡದೆ ಮಗನಿಗೆ ದಾಟಿಸುತ್ತಿದ್ದರು. ಮಗ, ಒಂದು ಗೋಡೆ ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಂಡವನು, ಆಮೇಲೆ ಮಾತ್ರೆ ನುಂಗುತ್ತಿದ್ದ.

ಐದನೆಯ ವಾರ ಜೊತೆಗಾರ ನೋಡಲು ಬಂದ. ಕುಳ್ಳ ಎಂದೇ ಅವನ ಹೆಸರು. ಬಾಗಿಲಲ್ಲೇ ತಲೆ ಬಗ್ಗಿಸಿ ಒಳಗೆ ಬರುವುದು ಅವನ ಹಳೆಯ ತಮಾಷೆ.

"ಚಹಾ ಗಟ್ಟಿಯಾಗಿರಲಿ ಅತ್ತಿಗೆ. ಹೆಂಗಿದೆಯಣ್ಣ ಹರ್ನಿಯಾ?" ಎಂದು ಎದೆಯ ಕಡೆ ನೋಡುತ್ತ ಕಣ್ಣು ಮಿಟುಕಿಸಿದ. ಅವನಿಗೆ ಮಾತ್ರ ಗೊತ್ತಿತ್ತು. "ಎಂಬತ್ತಾರನೇ ಪಾಟ್ ದಿನಾ ಎರಡು ಸಲ ದೀಪ ಹೊತ್ತಿಸ್ಕೊಂಡು ಕೂರುತ್ತೆ. ಹೊಸ ಹುಡುಗರಿಗೆ ಅದರ ಮುನಿಸು ಗೊತ್ತಿಲ್ಲ. ಒಬ್ಬ ಮೊನ್ನೆ ಒಣಗಿದ ಗಳು ಹಾಕಿದ. ಉರಿದು ಬೂದಿ ಆಯ್ತು, ಪಾಟ್ ತಿರುಗೀನೂ ನೋಡಲಿಲ್ಲ."

ಮೇಸ್ತ್ರಿ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ. ಕುಳ್ಳನನ್ನು ಬಾಗಿಲವರೆಗೆ ಕಳಿಸಲು ಹೋದ ಹೆಂಡತಿ ಧ್ವನಿ ತಗ್ಗಿಸಿ, "ಒಳಗೆ ಹೋದ್ರೆ ಏನಾಗುತ್ತೆ? ನಿಜ ಹೇಳಪ್ಪ," ಎಂದಳು.

ಕುಳ್ಳ ಚಪ್ಪಲಿ ಮೆಟ್ಟುತ್ತ ತಡಮಾಡಿದ. "ಏನೂ ಆಗದೇನೂ ಇರಬಹುದು ಅತ್ತಿಗೆ. ಆದ್ರೆ ಗಳು ಇರಿಯುವಾಗ ಅವನ ಹಿಂದೆ ನಿಂತ್ಕೊಂಡೇ ಇರೋಕೆ ಆಗಲ್ಲ, ನೋಡ್ಕೊಳ್ಳೋಕೆ ನನಗೂ ನಾಲ್ಕು ಪಾಟ್ ಇವೆ."

ಆರನೆಯ ವಾರದ ಕೊನೆಯ ದಿನ, ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ, ಅವಳು ಹಿತ್ತಿಲಿನಿಂದ ಒಣಗಿದ ಬಟ್ಟೆ ತರುತ್ತಿದ್ದಳು. ಮೇಸ್ತ್ರಿ ಮಗಳ ಕೆಲಸದ ಚೀಲ ಬಿಚ್ಚಿಕೊಂಡು ಕುಳಿತಿದ್ದ. ಗುಜರಿ ಬೇರ್ಪಡಿಸುವವರೆಲ್ಲರ ಬಳಿಯೂ ದಾರ ಕಟ್ಟಿದ ಒಂದು ಅಯಸ್ಕಾಂತ ಇರುತ್ತದೆ. ಕಬ್ಬಿಣದ ಡಬ್ಬಿಯಾದರೆ ಅಂಟುತ್ತದೆ, ಅಲ್ಯೂಮಿನಿಯಂ ಆದರೆ ಇಲ್ಲ. ಆ ಅಯಸ್ಕಾಂತ ಅವನ ಬಲಗೈಯಲ್ಲಿತ್ತು. ಅಂಗಿಯ ಗುಂಡಿ ಬಿಚ್ಚಿತ್ತು.

"ಏನು ಮಾಡ್ತಿದ್ದೀರಿ?"

"ಪರೀಕ್ಷೆ. ಸುಮ್ಮನಿರು." ಅವನು ಅದನ್ನು ಎದೆಯ ಉಬ್ಬಿನ ಮೇಲಿಟ್ಟ.

ಅವಳ ಕೈಯಿಂದ ಬಟ್ಟೆ ಜಾರಿ ಬಿತ್ತು. ಅವನು ಕಣ್ಣು ಮುಚ್ಚಿ ಕುಳಿತಿದ್ದ, ಪಾಟ್‌ನ ಸದ್ದಿಗೆ ಕಿವಿಗೊಟ್ಟವನಂತೆ. ಆಮೇಲೆ ಒಂದು ಕಣ್ಣು ತೆರೆದು, "ನೋಡು. ಸತ್ತಿಲ್ಲ," ಎಂದ. "ಸ್ವಲ್ಪ ಜೋರಾಗಿ ಬಡೀತಿದೆ, ಅಷ್ಟೇ. ಬಾ ಇಲ್ಲಿ, ಕೈ ಇಡು."

ಅವಳು ಕೈ ಇಟ್ಟಳು. ಈ ಎದೆ ಅವಳಿಗೆ ಗೊತ್ತಿದ್ದ ಎದೆ. ಜ್ವರದಲ್ಲಿ ಅದು ಹೇಗೆ ಓಡುತ್ತದೆ, ಸಿಟ್ಟಿನಲ್ಲಿ ಹೇಗೆ, ಪಾಳಿ ಮುಗಿಸಿ ಬಂದು ಮಲಗಿದ ಮೇಲೆ ಹೇಗೆ ಒಂದೊಂದೇ ಮೆಟ್ಟಿಲು ಇಳಿದಂತೆ ನಿಧಾನವಾಗುತ್ತದೆ, ಎಲ್ಲವೂ. ಈಗ ಅಂಗೈಯ ಕೆಳಗೆ ಬಡಿಯುತ್ತಿದ್ದುದು ಹೊಲಿಗೆ ಯಂತ್ರದ ಸೂಜಿಯಂತಿತ್ತು. ಒಂದೇ ಸಮ. ಅವನು ನಕ್ಕರೂ ಅದೇ, ಉಸಿರು ಎಳೆದರೂ ಅದೇ. ಅವನನ್ನು ಅದು ಕೇಳುತ್ತಲೇ ಇರಲಿಲ್ಲ.

"ತೆಗೀರಿ," ಎಂದಳು.

"ಏನಾಯ್ತೀಗ? ಇದು ಮುಟ್ಟಿಸಿದ್ರೂ ಬದುಕಿದ್ದೀನಿ ಅಂದ್ರೆ..."

"ತೆಗೀರಿ ಅಂದೆ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಆರು ವಾರಗಳ ಮೇಲೆ ಅವಳು ಅಪ್ಪನಿಗೇ ನೇರವಾಗಿ ಮಾತಾಡಿದಳು. "ಅದು ಅಂಗೈಯಗಲದ ಅಯಸ್ಕಾಂತ. ನೀನು ಕೂತ್ಕೊಂಡು ಹಿಡ್ಕೊಂಡಿದ್ದೆ. ಅಲ್ಲಿ ನೂರಿಪ್ಪತ್ತು ಪಾಟ್, ಎಂಟು ಗಂಟೆ, ಕೈಯಲ್ಲಿ ಗಳು. ಅಲ್ಲಿ ಯಾರು ತೆಗೀರಿ ಅಂತಾರೆ ಅಪ್ಪ?" ಅವನ ಕೈಯಿಂದ ಅದನ್ನು ಕಿತ್ತುಕೊಂಡು ಒಳಗೆ ಹೋದಳು. ಒಳಗೆ ಅವಳು ಅಳುತ್ತಿದ್ದಳೋ ಪೆಟ್ಟಿಗೆ ಎಳೆಯುತ್ತಿದ್ದಳೋ ತಿಳಿಯಲಿಲ್ಲ.

"ನಾಳೆ ಬೆಳಗಿನ ಪಾಳಿ," ಎಂದ ಮೇಸ್ತ್ರಿ ಯಾರಿಗೋ ಎನ್ನುವಂತೆ. "ಫಿಟ್ ಅಂತ ಚೀಟಿ ಬರೆಸಿದ್ದೂ ಆಗಿದೆ."

ಆ ಸಂಜೆ ಅವಳು ಅಲ್ಯೂಮಿನಿಯಂನ ಊಟದ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿದಳು, ಅವನ ಕೆಲಸದ ಅಂಗಿಗೆ ಬಿದ್ದುಹೋಗಿದ್ದ ಮರದ ಗುಂಡಿ ಹೊಲಿದಳು. ಅತ್ತೆ ಮಂಚದ ಮೇಲೆ ಕುಳಿತು ಸೂಜಿಯ ಸದ್ದನ್ನೇ ಆಲಿಸುತ್ತಿದ್ದರು.

"ನಾಳೆ ಅವನನ್ನ ಕೇಳ್ತೀಯಾ?" ಎಂದರು ಕೊನೆಗೆ.

"ಏನನ್ನ ಅತ್ತೆ?"

"ದಿನಾ ಕೇಳೋದನ್ನ."

ಅವಳ ಸೂಜಿ ನಿಂತಿತು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅಥವಾ ಅದೊಂದನ್ನೇ ಮಧ್ಯಾಹ್ನದಿಂದ ಯೋಚಿಸುತ್ತಿದ್ದಳು. "ಕೇಳದೇ ಇದ್ರೆ?"

"ಕೇಳದೇ ಇದ್ರೆ ಹೋಗ್ತಾನೆ. ಮನೆ ಉಳಿಯುತ್ತೆ," ಎಂದು ಅತ್ತೆ ಗೋಡೆಗೆ ತಿರುಗಿ ಮಲಗಿದರು.

ಬೆಳಗ್ಗೆ ಐದೂವರೆಗೆ ಒಲೆ ಹೊತ್ತಿತು. ಮೇಸ್ತ್ರಿ ಚಹಾ ಕುಡಿದ, ಎರಡು ಬ್ರೆಡ್ಡು ತಿಂದ, ಬೂಟಿನ ದಾರ ಕಟ್ಟಿಕೊಂಡ. ಬಾಗಿಲ ಬಳಿ ನಿಂತು ಜೇಬಿನಿಂದ ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಿದ: ಬೀಗದ ಕೈ, ಚಿಲ್ಲರೆ, ಫೋನು. ಬಟ್ಟಲಿನಲ್ಲಿ ಗಡಿಯಾರ ಮೊದಲೇ ಇತ್ತು, ಕಾರ್ಡೂ ಇತ್ತು. ಕೈ ಚಾಚಿದ.

ಅವಳು ಡಬ್ಬಿ ಹಿಡಿದು ನಿಂತಿದ್ದಳು. ಸುಮ್ಮನೆ ಕೊಟ್ಟುಬಿಟ್ಟರೆ ಆಯಿತು. ಅವನೂ ಹಾಗೆಯೇ ಅಂದುಕೊಂಡಿದ್ದಿರಬೇಕು. ಅವಳ ಮುಖ ನೋಡದೆ ಡಬ್ಬಿಯನ್ನೇ ನೋಡುತ್ತಿದ್ದ. ಬೀದಿಯಲ್ಲಿ ಬೆಳಗಿನ ಪಾಳಿಯವರ ಹೆಜ್ಜೆ ಸದ್ದು ಶುರುವಾಗಿತ್ತು. ಕುಳ್ಳ ಗೇಟಿನ ಬಳಿ ಕೆಮ್ಮಿದ.

"ಎಲ್ಲಾ ತೆಗೆದಾಯ್ತಾ?" ಎಂದಳು ಅವಳು.

ಮೇಸ್ತ್ರಿ ತಲೆ ಎತ್ತಿದ. ಹತ್ತು ಸಾವಿರ ಸಲ ಹೇಳಿದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು.

"ಹೊತ್ತಾಯ್ತು, ಕೊಡು," ಎಂದ.

"ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ." ಧ್ವನಿ ಹಿಂದಿನಿಂದ ಬಂತು. ಅತ್ತೆ ಗೋಡೆ ಹಿಡಿದು ನಡುಮನೆಯ ಬಾಗಿಲವರೆಗೆ ಬಂದಿದ್ದರು. "ನಿಮ್ಮಪ್ಪ ಒಂದು ದಿನ ತಪ್ಪಿಸಿದ್ದಿಲ್ಲ."

"ಅಮ್ಮಾ, ನಿನಗೋಸ್ಕರ ಅಲ್ವೇನಮ್ಮಾ..."

"ನನಗೋಸ್ಕರ ಅಂತ ನನ್ನ ತಲೆ ಮೇಲೆ ಹಾಕಬೇಡ. ಅವಳು ಕೇಳಿದ್ದು ನಿನ್ನನ್ನ."

ಸೈರನ್ ಕೂಗಿತು. ಕುಳ್ಳ ಗೇಟಿನಿಂದ "ಅಣ್ಣಾ" ಎಂದ. ಮೇಸ್ತ್ರಿ ಎಡಗೈಯನ್ನು ನಿಧಾನವಾಗಿ ಎತ್ತಿ ಉಬ್ಬಿನ ಮೇಲಿಟ್ಟುಕೊಂಡ.

"ಇಲ್ಲ," ಎಂದ. "ಒಂದು ಉಳಿದಿದೆ."

ಆಮೇಲೆ ಹೊಸ್ತಿಲ ಮೇಲೆ ಕುಳಿತು, ಕಟ್ಟಿಕೊಂಡಿದ್ದ ದಾರಗಳನ್ನು ಬಿಚ್ಚಿ, ಬೂಟು ಕಳಚಿದ. ಅವಳು ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋಗಿ ಮುಚ್ಚಳ ತೆಗೆದಿಟ್ಟಳು, ಬಿಸಿ ಅನ್ನ ಬೆವರಬಾರದೆಂದು.

ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿದರು. ಕಾರ್ಖಾನೆಯ ಹಿಂದಿನ ಗೇಟಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ, ನೀರಿಗೆ ಹೊರಗಿನ ನಲ್ಲಿ. ಅಜ್ಜಿಯ ಮಂಚವನ್ನು ಮಗಳೂ ಕುಳ್ಳನೂ ಹೊತ್ತರು. "ಹಿಂದೆ ಎತ್ತಿ ಹಿಡೀರಿ, ಮಾಮ," ಎಂದಳು ಮಗಳು. "ಇದಕ್ಕಿಂತ ಎತ್ತರ ನನ್ನ ಹತ್ತಿರ ಇಲ್ಲಮ್ಮಾ," ಎಂದ ಕುಳ್ಳ. ಹೊಸ ಮನೆಯ ಗೋಡೆಗೆ ಅಜ್ಜಿ ಮೂರು ಸಲ ತಲೆ ತಾಗಿಸಿಕೊಂಡರು. ಮೂರು ಸಲವೂ ಗೋಡೆ ಕಟ್ಟಿದವನನ್ನು ಬೈದರು. ನಾಲ್ಕನೆಯ ದಿನ ಸೊಸೆ ಮಂಚದಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟಿಕೊಟ್ಟಳು.

ಗುಜರಿ ವಿಭಾಗದಲ್ಲಿ ಮೇಸ್ತ್ರಿಗೆ ಮೊದಲ ವಾರವೇ ಬೈಗುಳ ಬಿತ್ತು. ಒಳಗೆ ನೀರು ನಿಂತಿದ್ದ ಜಜ್ಜಿದ ಡಬ್ಬಿಯೊಂದನ್ನು ಅವನು ಹಾಗೆಯೇ ಮುಂದೆ ದಾಟಿಸಿದ್ದ. ಜೀವಮಾನವೆಲ್ಲ ಕುದಿಯುವ ಲೋಹಕ್ಕೆ ಹಸಿ ಮರ ಇರಿದವನು. ತೇವವೆಂದರೆ ಅವನಿಗೆ ಔಷಧಿ. ಇಲ್ಲಿನ ಕುಲುಮೆಗೆ ಒಂದು ಗುಟುಕು ನೀರು ಒಳಗೆ ಹೋದರೂ ಲೋಹ ಸಿಡಿದು ಚಾವಣಿಗೆ ಹಾರುತ್ತದೆ. ಮಗಳು ಹದಿನಾರು ಜನರ ಎದುರು, "ಇದನ್ನ ಯಾರು ಬಿಟ್ಟಿದ್ದು?" ಎಂದು ಕೇಳಿದಳು. ಅವನು ಕೈ ಎತ್ತಿದ, ಬಲಗೈ. ಕಬ್ಬಿಣ ಸೆಳೆಯುವ ದೊಡ್ಡ ಅಯಸ್ಕಾಂತದ ಉರುಳೆ ಅಲ್ಲೂ ಒಂದಿತ್ತು. ಅದರಿಂದ ದೂರದಲ್ಲಿ, ಅವನು ದಾಟಬಾರದ ಕಡೆ, ಅವಳೇ ಸುಣ್ಣದಲ್ಲಿ ಗೆರೆ ಎಳೆದಿದ್ದಳು. ಪ್ರತಿ ಸೋಮವಾರ ಮಾಸಿದ ಗೆರೆಯನ್ನು ಹೊಸದಾಗಿ ಎಳೆಯುತ್ತಿದ್ದಳು.

ಬಾಡಿಗೆ ಮನೆಯಲ್ಲಿ ಗೂಡಿರಲಿಲ್ಲ. ಮರದ ಬಟ್ಟಲನ್ನು ಹೆಂಡತಿ ಕಿಟಕಿಯ ಮೇಲಿಟ್ಟಿದ್ದಳು. ಮೊದಲ ಕೆಲವು ದಿನ ಗಂಡ ಹೊರಡುವಾಗ ಅವಳಿಗೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನುಂಗಿ ಡಬ್ಬಿ ಕೊಡುತ್ತಿದ್ದಳು. ಮಳೆ ಹನಿಯುತ್ತಿದ್ದ ಒಂದು ಬೆಳಗ್ಗೆ, ಅಪ್ಪ ಮಗಳು ಇಬ್ಬರೂ ಆಗಲೇ ಬೀದಿಗೆ ಇಳಿದಿದ್ದರು. ಅವಳು ಬಾಗಿಲಿಗೆ ಬಂದು ಕೂಗಿದಳು:

"ರೀ. ಎಲ್ಲಾ ತಗೊಂಡ್ರಾ?"

ಅವನು ನಿಂತ. ಜೇಬು ಮುಟ್ಟಿ ನೋಡಿಕೊಂಡ. ಆಸ್ಪತ್ರೆಯ ಕಾರ್ಡು ಇತ್ತು. ಬೀಗದ ಕೈ ಇತ್ತು. ಈಚೆಗೆ ಅದು ಅವನು ನಡೆದಾಗಲೆಲ್ಲ ಸದ್ದು ಮಾಡುತ್ತಿತ್ತು. ಬರಿದಾದ ಮಣಿಕಟ್ಟನ್ನು ನೋಡಿ ನಿಧಾನವಾಗಿ ಹಿಂದಕ್ಕೆ ಬಂದ.

"ಗಡಿಯಾರ ಮರೆತೆ. ಅಭ್ಯಾಸ ಇಲ್ಲ ನೋಡು."

ಅವಳು ಬಟ್ಟಲಿನಿಂದ ಗಡಿಯಾರ ತೆಗೆದು, ಸೆರಗಿನಲ್ಲಿ ಒರೆಸಿ, ಅವನ ಕೈಗೆ ಕಟ್ಟಿದಳು. ಪಟ್ಟಿ ಮದುವೆಯ ಕಾಲದ್ದು. ಅವನ ಕೈ ಆಗಿನದಕ್ಕಿಂತ ಸಣ್ಣಗಾಗಿತ್ತು, ಕೊನೆಯ ತೂತಿಗೆ ಹಾಕಬೇಕಾಯಿತು. ಗಡಿಯಾರ ನಡೆಯುತ್ತಿತ್ತು. ಅವನು ಅದನ್ನು ಕಿವಿಗೆ ಹಿಡಿದು ಕೇಳಿದ.

"ಸರಿಯಾಗಿದೆಯಾ ಟೈಮು?"

"ದಿನಾ ಕೀಲಿ ಕೊಟ್ಟಿದ್ದೀನಿ," ಎಂದಳು ಅವಳು. "ಹೋಗಿ. ಅವಳು ಕಾಯ್ತಿದ್ದಾಳೆ."